ಐದು ಗಜಕ್ಕೆ ಎಂಟು ಹೆಜ್ಜೆ

(ಮೈಸೂರಿನಲ್ಲಿ ನಾನು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು. ಆಡಿದ್ದನ್ನು ಹೆಚ್ಚುಕಡಿಮೆ ಹಾಗೇ ಬರೆದಿದ್ದೇನೆ. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಇದನ್ನು ಊದಿಬಿಡುತ್ತೇನೆ. ಮಾತು ಆಮೇಲೆ.

(ಊದಿದೆ. ಹಿಂದಿನ ಸಾಲಿನಲ್ಲಿ ಒಂದು ಮಗು ಅತ್ತಿತು.)

ಅರವತ್ತು ದಾಟಿದ ಮೇಲೆ ತುಟಿ ಹೇಳಿದ ಮಾತು ಕೇಳುವುದಿಲ್ಲ. ಆ ಮಗುವಿನ ತಾಯಿ ಕ್ಷಮಿಸಬೇಕು.

ಇದು ನಮ್ಮ ಶಾಲೆಯದೇ ಬ್ಯೂಗಲ್. ಪಿ.ಟಿ. ಮೇಷ್ಟ್ರ ರೂಮಿನ ಬೀರುವಿನಲ್ಲಿ ಇನ್ನೂ ಇದೆ ಅಂತ ಗೊತ್ತಾಯಿತು. ಬೆಳಿಗ್ಗೆ ಹೋಗಿ ಕೇಳಿ ತಂದೆ. 1974ರಲ್ಲಿ ನನ್ನ ಕೈಲಿದ್ದದ್ದು ಇದೋ, ಇದರ ಅಣ್ಣನೋ ತಮ್ಮನೋ ಗೊತ್ತಿಲ್ಲ. ತಾಮ್ರದ ಮೈ, ಹಿತ್ತಾಳೆಯ ಅಂಚು. ಬಾಯಿಂದ ತುದಿಯವರೆಗೆ ಒಂದೇ ಕೊಳವೆ. ಬೆರಳಿಗೆ ಇಲ್ಲಿ ಕೆಲಸವೇ ಇಲ್ಲ, ನೋಡಿ. ತುಟಿ ಬಿಗಿ ಮಾಡಿದರೆ ಸ್ವರ ಮೇಲೆ ಹೋಗುತ್ತೆ, ಸಡಿಲ ಬಿಟ್ಟರೆ ಕೆಳಗೆ. ಹಾಗೆ ಸಲೀಸಾಗಿ ಸಿಗುವುದು ಐದೇ ಸ್ವರ. ಸಂಗೀತ ಕಲಿತವರಿಗೆ ಅವರ ಭಾಷೆಯಲ್ಲೇ ಹೇಳುವುದಾದರೆ ಸ, ಪ, ಮೇಲಿನ ಸ, ಅದರ ಮೇಲೆ ಗ, ಮತ್ತೆ ಪ. ರಿ ಇಲ್ಲ, ಮ ಇಲ್ಲ, ದ-ನಿ ಇಲ್ಲ. ಬೆಳಿಗ್ಗೆ ಎಬ್ಬಿಸುವುದಕ್ಕೆ, ರಾತ್ರಿ ಮಲಗಿಸುವುದಕ್ಕೆ, ನಡುವೆ ಊಟಕ್ಕೆ ಕರೆಯುವುದಕ್ಕೆ ಸೈನ್ಯದವರಿಗೆ ಇಷ್ಟು ಸಾಕಾಗಿತ್ತು. ನಮಗೂ ಸಾಕಾಗಿತ್ತು.

ನಾನು ಬ್ಯಾಂಡ್ ಸೆಟ್ಟಿಗೆ ಸೇರಿದ್ದಕ್ಕೆ ಕಾರಣ ನಮ್ಮ ತಾತ. ವಿಜಯದಶಮಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಅವರ ಸ್ನೇಹಿತರ ಅಂಗಡಿ ಜಗಲಿ ಮೇಲೆ ನನ್ನನ್ನು ಬೆಳಿಗ್ಗೆಯೇ ಕೂರಿಸಿಬಿಡೋರು. ಊರೆಲ್ಲ ಆನೆ ನೋಡೋಕೆ ಬಂದರೆ ತಾತ ಬರುತ್ತಿದ್ದದ್ದು ಪೊಲೀಸ್ ಬ್ಯಾಂಡ್ ನೋಡೋಕೆ. ಅರಮನೆ ಕಾಲದಿಂದ ಬಂದ ಎರಡು ಬ್ಯಾಂಡುಗಳು, ಒಂದು ಕರ್ನಾಟಕ ಸಂಗೀತದ್ದು, ಇನ್ನೊಂದು ಇಂಗ್ಲಿಷ್ ಬ್ಯಾಂಡು. ತಾತನಿಗೆ ಎರಡೂ ಬೇಕು. "ಆನೆ ಸುಮ್ನೆ ನಡಕೊಂಡು ಹೋಗುತ್ತೆ ಕಣೋ. ಇವರು ನಡೀಲೂ ಬೇಕು, ಊದಲೂ ಬೇಕು. ಉಸಿರು ಒಂದೇ, ಕೆಲಸ ಎರಡು" ಅನ್ನೋರು.

ಶಾಲೆಯಲ್ಲಿ ನಮಗೆ ಡ್ರಿಲ್ ಹೇಳಿಕೊಟ್ಟ ಮೇಷ್ಟ್ರು ಸೈನ್ಯದಲ್ಲಿದ್ದು ಬಂದವರು. ಹೆಜ್ಜೆ ಅಂದರೆ 30 ಅಂಗುಲ. ಅವರ ಕೈಲಿ ಅಷ್ಟೇ ಉದ್ದದ ಒಂದು ಕೋಲು. ಹಿಮ್ಮಡಿಯಿಂದ ಹಿಮ್ಮಡಿಗೆ ಇಟ್ಟು ಅಳೆಯೋರು. ಕಡಿಮೆ ಬಂದರೆ ಅದೇ ಕೋಲು ಮೀನಖಂಡಕ್ಕೆ. ಎರಡು ವರ್ಷ ಆದ ಮೇಲೆ ಸಂತೆಗೆ ಹೋದರೂ ನಾವು 30 ಅಂಗುಲಕ್ಕೇ ನಡೆಯುತ್ತಿದ್ದೆವು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಒಂದಿಬ್ಬರು ಈಗಲೂ ಹಾಗೇ ನಡೆಯುತ್ತಾರೆ, ಬಾಗಿಲಲ್ಲಿ ನೋಡಿದೆ. ಈ 30 ಅಂಗುಲ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

1976ರ ಜೂನ್‌ನಲ್ಲಿ ಅಪ್ಪನ ಕೆಲಸದ ಹಿಂದೆ ನಾವು ಅಮೆರಿಕಕ್ಕೆ ಹೋದೆವು. ವಿಸ್ಕಾನ್ಸಿನ್ ರಾಜ್ಯದ ದಕ್ಷಿಣಕ್ಕೆ ಒಂದು ಸಣ್ಣ ಊರು. ಹಸು, ಮುಸುಕಿನ ಜೋಳ, ಚೀಸ್, ಇಷ್ಟೇ. ನನಗೆ ಹದಿಮೂರು. ಹೋಗಿ ಮೂರು ವಾರಕ್ಕೆ ಜುಲೈ 4 ಬಂತು. ಆ ದೇಶಕ್ಕೆ ಇನ್ನೂರು ತುಂಬಿದ ವರ್ಷ. ನಮ್ಮೂರಿನ ಪೆರೇಡ್ ನೋಡಲು ಹೋದೆವು. ಫುಟ್‌ಪಾತ್ ಮೇಲೆ ಸೀರೆ ಉಟ್ಟವರು ನಮ್ಮ ಅಮ್ಮ ಒಬ್ಬರೇ. ಬೆಂಕಿ ನಂದಿಸುವ ಲಾರಿ ಹೋಯಿತು, ಟ್ರ್ಯಾಕ್ಟರ್‌ಗಳು ಹೋದವು, ಕಾರಿನಲ್ಲಿ ನಿಂತು ಯಾರೋ ಕೈ ಬೀಸಿದರು. ನಮ್ಮ ಜಂಬೂಸವಾರಿ ನೋಡಿದವನಿಗೆ ಇದೇನು ಮಹಾ ಅನ್ನಿಸುತ್ತಿತ್ತು.

ಆಗ ತಿರುವಿನಾಚೆ ಡ್ರಮ್ ಶುರುವಾಯಿತು. ಕಿವಿಗಿಂತ ಮೊದಲು ಎದೆಗೆ ಗೊತ್ತಾಯಿತು. ಆಮೇಲೆ ಐವತ್ತೋ ಅರವತ್ತೋ ಹುಡುಗ ಹುಡುಗಿಯರು, ಬಿಳಿ ಟೋಪಿ, ಗಲ್ಲಕ್ಕೆ ಪಟ್ಟಿ, ಕಣ್ಣು ಟೋಪಿಯ ಅಂಚಿನಡಿ ಮರೆ. ಮುಂದೆ ಬಾವುಟ ತಿರುಗಿಸುವ ಹುಡುಗಿಯರು. ನಮ್ಮೆದುರಿಗೆ ಬಂದಾಗ ಯಾವ ಆಜ್ಞೆಯೂ ಕೇಳಲಿಲ್ಲ. ಎಲ್ಲ ಬ್ಯೂಗಲ್‌ಗಳೂ ಒಟ್ಟಿಗೆ ಮೇಲೆದ್ದವು. ಆಮೇಲೆ ಬಂತಲ್ಲ ಸದ್ದು, ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಅಮ್ಮ ಸೆರಗು ಹಿಡಿದುಕೊಂಡರು. ನಾನು ಅವರ ಜೊತೆಗೇ ಫುಟ್‌ಪಾತ್ ಮೇಲೆ ನಡೆಯುತ್ತಾ ಹೋಗಿಬಿಟ್ಟೆ. ಅಪ್ಪ ಹುಡುಕಿಕೊಂಡು ಬರಬೇಕಾಯಿತು.

ಅದು ಆ ಊರಿನ ಡ್ರಮ್ ಅಂಡ್ ಬ್ಯೂಗಲ್ ಕೋರ್. ಅಲ್ಲಿಯವರು ಚಿಕ್ಕದಾಗಿ ಡ್ರಮ್ ಕೋರ್ ಅನ್ನುತ್ತಾರೆ. ಹುಟ್ಟಿದ ಕಥೆ ಚಿಕ್ಕದು. ಮೊದಲ ಮಹಾಯುದ್ಧ ಮುಗಿಸಿ ಸಿಪಾಯಿಗಳು ಊರಿಗೆ ಬಂದರು. 1919ರಲ್ಲಿ ಅಮೆರಿಕನ್ ಲೀಜನ್ ಅನ್ನೋ ಅವರ ಸಂಘ ಆಯಿತು. ವಿ.ಎಫ್.ಡಬ್ಲ್ಯೂ. ಅಂತ ಅದಕ್ಕಿಂತ ಹಳೆಯದೊಂದು ಮೊದಲೇ ಇತ್ತು. ಊರೂರಿಗೆ ಇವರದೊಂದು ಹಾಲ್. ಒಳಗೆ ಬಿಯರು, ಇಸ್ಪೀಟು, ಶುಕ್ರವಾರ ಕರಿದ ಮೀನು. ಯುದ್ಧದಲ್ಲಿ ಊದಿದ ಬ್ಯೂಗಲ್ಲನ್ನು ಗೋಡೆಗೆ ನೇತುಹಾಕಲು ಮನಸ್ಸು ಬರದೆ ಇವರು ತಂಡ ಕಟ್ಟಿಕೊಂಡರು. ಆಮೇಲೆ ಊರ ಮಕ್ಕಳಿಗೂ ಕಟ್ಟಿಕೊಟ್ಟರು. ಶಾಲೆಯ ಬ್ಯಾಂಡಿಗೂ ಇದಕ್ಕೂ ಸಂಬಂಧ ಇಲ್ಲ. ಬ್ಯೂಗಲ್, ಡ್ರಮ್, ಬಾವುಟ, ಅಷ್ಟೇ. ಕ್ಲಾರಿನೆಟ್, ಸ್ಯಾಕ್ಸೊಫೋನ್ ತಂದವರನ್ನು ವಾಪಸ್ ಕಳಿಸುತ್ತಿದ್ದರು. ಮಕ್ಕಳ ತಂಡದಲ್ಲಿ 21 ದಾಟಿದವರಿಗೆ ಜಾಗ ಇಲ್ಲ. ಅದಕ್ಕೆ ಏಜ್ ಔಟ್ ಅಂತ ಹೆಸರು. ಬೇಸಿಗೆಯಿಡೀ ಊರೂರು ಸುತ್ತಿ ಫುಟ್‌ಬಾಲ್ ಮೈದಾನಗಳಲ್ಲಿ ಸ್ಪರ್ಧೆ.

ನಾನು ಹೋಗುವ ಐದು ವರ್ಷ ಮೊದಲು ಒಂದು ದೊಡ್ಡ ಜಗಳವೂ ಆಗಿತ್ತು. ನಿಯಮ ಮಾಡುವವರು ಹಿರಿಯರ ಸಂಘದವರು, ಬಿಸಿಲಲ್ಲಿ ಬೆವರುವವರು ಹುಡುಗರು. ಎಷ್ಟು ದಿನ ನಡೆದೀತು? ವ್ಯೋಮಿಂಗ್ ರಾಜ್ಯದ ಟ್ರೂಪರ್ಸ್ ತಂಡ ಕಟ್ಟಿದ ಜಿಮ್ ಜೋನ್ಸ್, ಶಿಕಾಗೋದ ಕ್ಯಾವಲಿಯರ್ಸ್ ಕಟ್ಟಿದ ಡಾನ್ ವಾರೆನ್, ಇಂಥ ಕೆಲವರು ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅಂತ ತಮ್ಮದೇ ಸಂಸ್ಥೆ ಮಾಡಿಕೊಂಡರು. ಡಿ.ಸಿ.ಐ. ಅಂದರೆ ಅದೇ. ಅದರ ಮೊದಲ ಚಾಂಪಿಯನ್‌ಶಿಪ್ 1972ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಊರಿನಲ್ಲೇ ನಡೆಯಿತು. ಗೆದ್ದದ್ದು ಕ್ಯಾಲಿಫೋರ್ನಿಯಾದ ಅನಹೈಮ್ ಕಿಂಗ್ಸ್‌ಮೆನ್. ವೈಟ್‌ವಾಟರ್ ನಮಗೆ ಕಾರಿನಲ್ಲಿ ಒಂದು ಗಂಟೆ ದಾರಿ. ಆ ರಾತ್ರಿ ನಾನೂ ಅಲ್ಲಿದ್ದೆ ಅಂತ ಹೇಳದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಪಕ್ಕಕ್ಕೆ ಮ್ಯಾಡಿಸನ್. ಅಲ್ಲಿಯ ಮ್ಯಾಡಿಸನ್ ಸ್ಕೌಟ್ಸ್ 1975ರಲ್ಲಿ ಚಾಂಪಿಯನ್ ಆಗಿದ್ದರು. ನಮ್ಮ ಪಾಲಿಗೆ ಅವರು ದೇವರು. ನಮ್ಮದು ಸಣ್ಣ ತಂಡ. ದೊಡ್ಡವರು 128 ಜನ ಇಳಿಸುತ್ತಿದ್ದರೆ ನಾವು 60 ದಾಟಿದ ವರ್ಷ ಹಬ್ಬ.

ಆ ಚಳಿಗಾಲ ಸಿಪಾಯಿಗಳ ಹಾಲ್‌ಗೆ ಹೋಗಿ ತಂಡಕ್ಕೆ ಸೇರಿದೆ. ಏನು ಊದ್ತೀಯ ಅಂದರು. ಬ್ಯೂಗಲ್ ಅಂದೆ. ಗೊತ್ತಿರುವ ಹುಡುಗ ಸಿಕ್ಕಿದ ಅಂತ ಅವರಿಗೆ ಖುಷಿ. ಕೈಗೆ ಒಂದನ್ನು ಕೊಟ್ಟರು. ನೋಡಿದರೆ ಅದು ಬ್ಯೂಗಲ್ಲೇ ಅಲ್ಲ! ಹಿತ್ತಾಳೆ ಮೇಲೆ ನಿಕಲ್ ಬಣ್ಣ, ಟ್ರಂಪೆಟ್ಟಿನ ದಾಯಾದಿ ಥರ ಆಕಾರ. ಕೊಳವೆಯ ನಡುವೆ ಅಡ್ಡಲಾಗಿ ಮಲಗಿಸಿದ ಒಂದು ಪಿಸ್ಟನ್. ಅದನ್ನು ಬಲಗೈ ಹೆಬ್ಬೆರಳಿನಿಂದ ಒತ್ತಬೇಕು. ಎಡಗೈ ಬೆರಳಿಗೆ ರೋಟರ್ ಅಂತ ಒಂದು ತಿರುಗುವ ಕೀಲು. ಸ್ವರ ಬದಲಿಸುವ ಈ ಎರಡಕ್ಕೂ ವಾಲ್ವ್ ಅನ್ನುತ್ತಾರೆ. ಹಿರಿಯರ ಸಂಘಗಳು ವರ್ಷಗಟ್ಟಲೆ ಜಗಳ ಆಡಿ, ಒಂದೊಂದೇ ವಾಲ್ವನ್ನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿದ್ದರ ಫಲ ಇದು. ಟ್ರಂಪೆಟ್ಟಿನ ಥರ ಮೂರು ವಾಲ್ವ್ ಹಾಕಿದರೆ ಬ್ಯೂಗಲ್ ಜಾತಿ ಕೆಡುತ್ತೆ ಅಂತ ಅವರ ಹಟ.

ನನ್ನ ಪಾಲಿಗೆ ಬಂದದ್ದರಲ್ಲಿ ರೋಟರ್ ಕಚ್ಚಿಕೊಂಡು ತಿರುಗುತ್ತಿರಲಿಲ್ಲ. ವಸಂತಕ್ಕೆ ರಿಪೇರಿ ಮಾಡಿಸೋಣ, ಅಲ್ಲಿವರೆಗೆ ಪಿಸ್ಟನ್ ಒಂದರಲ್ಲೇ ಅಭ್ಯಾಸ ಮಾಡು ಅಂದರು. ಮನೆಯ ನೆಲಮಾಳಿಗೆಯಲ್ಲಿ ಕೂತು ಊದುತ್ತಿದ್ದೆ. ಹೊರಗೆ ಕಿಟಕಿಯ ಅರ್ಧಕ್ಕೆ ಹಿಮ. ಪಿಸ್ಟನ್ ಒತ್ತದೆ ಊದಿದರೆ ನಮ್ಮ ಶಾಲೆಯ ಬ್ಯೂಗಲ್ಲಿನದೇ ಸ್ವರಗಳು. ಒತ್ತಿದರೆ ಎಲ್ಲವೂ ಸ ದಿಂದ ಕೆಳಗಿನ ಪ ಕ್ಕೆ ಇಳಿಯುತ್ತಿದ್ದವು. ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಸುಮ್ನೆ ಮೇಲೆ ಕೆಳಗೆ ಓಡಾಡುತ್ತಿದ್ದೆ. ಒಂದು ಸಂಜೆ ಅಡುಗೆಮನೆಯಿಂದ ಮೆಟ್ಟಿಲ ಬಾಗಿಲು ತೆಗೆದ ಸದ್ದಾಯಿತು.

"ಯಾರೋ ಅದು, ಹಂಸಧ್ವನಿ ಊದ್ತಿರೋದು?"

ಮನೆಯಲ್ಲಿ ಇದ್ದದ್ದು ನಾನು, ಅಮ್ಮ ಇಬ್ಬರೇ. ಅಮ್ಮ ಒದ್ದೆ ಕೈಯಲ್ಲೇ ಕೆಳಗೆ ಬಂದರು. ಇನ್ನೊಂದು ಸಲ ಊದು ಅಂದರು. ಊದಿದೆ. ಮೆಟ್ಟಿಲ ಮೇಲೆ ಕೂತು, ತೊಡೆ ಮೇಲೆ ತಾಳ ಹಾಕಿಕೊಂಡು ಹಾಡಿದರು. ಪ, ನಿ, ಸ, ರಿ, ಗ, ಪ. "ನೋಡು, ಮ ಇಲ್ಲ, ದ ಇಲ್ಲ. ಹಂಸಧ್ವನಿ ಅಲ್ದೆ ಇನ್ನೇನು?" ಆ ದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು. ಅಮ್ಮ ಹಾಡಿದ್ದನ್ನು ನಾನು ಅಲ್ಲಿ ಕೇಳಿದ್ದು ಅದೇ ಮೊದಲು. ಸಾರು ಉಕ್ಕಿ ಒಲೆ ಹಾಳಾಯಿತು, ಅದು ಬೇರೆ ಕಥೆ.

ಅಮ್ಮ ಹೇಳಿದ್ದು ಸರಿಯೇ ಅಂತ ಎಷ್ಟೋ ವರ್ಷದ ಮೇಲೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ತೆರೆದ ಕೊಳವೆ ಕೊಡುವುದು ಸ, ಗ, ಪ. ಪಿಸ್ಟನ್ ಒತ್ತಿದಾಗ ಅದೇ ಮೂರು, ಪ ಕೇಂದ್ರವಾಗಿ, ಮತ್ತೆ ಬರುತ್ತವೆ. ಪ ದ ಗಾಂಧಾರ ಅಂದರೆ ನಿ. ಪ ದ ಪಂಚಮ ಅಂದರೆ ರಿ. ಎರಡೂ ಸೇರಿದರೆ ಸ ರಿ ಗ ಪ ನಿ, ರಿ ಚತುಶ್ರುತಿ, ಗ ಅಂತರ, ನಿ ಕಾಕಲಿ. ಒಂದು ಕೂದಲೆಳೆಯೂ ಆಚೀಚೆ ಇಲ್ಲದ ಹಂಸಧ್ವನಿ. ಬ್ಯೂಗಲ್ಲಿನ ಜಾತಿ ಉಳಿಸಲು ಒಂದೇ ವಾಲ್ವ್ ಸಾಕು ಅಂತ ಹಟ ಹಿಡಿದ ಆ ಹಿರಿಯ ಸಿಪಾಯಿಗಳಿಗೆ ತಾವು ಏನು ಮಾಡಿಟ್ಟಿದ್ದೇವೆ ಅಂತ ಕನಸಿನಲ್ಲೂ ಗೊತ್ತಿರಲಿಕ್ಕಿಲ್ಲ. ಏಪ್ರಿಲ್‌ನಲ್ಲಿ ರೋಟರ್ ರಿಪೇರಿ ಆಗಿ ಬಂತು. ಉಳಿದ ಸ್ವರಗಳೂ ಸಿಕ್ಕವು. ನಿಜ ಹೇಳಬೇಕು ಅಂದರೆ ಸ್ವಲ್ಪ ಬೇಜಾರಾಯಿತು.

ಊದುವುದು ಹೀಗಾಯಿತು. ನಡೆಯುವುದು ಕೇಳಿ. ಅಲ್ಲಿಯ ಫುಟ್‌ಬಾಲ್ ಮೈದಾನಕ್ಕೆ ಐದೈದು ಗಜಕ್ಕೊಂದು ಬಿಳಿ ಗೆರೆ ಇರುತ್ತೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಯಾಗಿ ಎಂಟು ಹೆಜ್ಜೆ. ಎಂಟಕ್ಕೆ ಐದು ಅಂತಲೇ ಅದರ ಹೆಸರು. ಹೆಜ್ಜೆಗೆ 22.5 ಅಂಗುಲ. ನನ್ನ ಕಾಲಿಗೆ ಗೊತ್ತಿದ್ದದ್ದು 30. ಎಂಟು ಹೆಜ್ಜೆಗೆ ವ್ಯತ್ಯಾಸ ಅರವತ್ತು ಅಂಗುಲ, ಅಂದರೆ ಐದು ಅಡಿ! ಎಲ್ಲರೂ ಗೆರೆ ಮೇಲೆ ನಿಂತಾಗ ನಾನೊಬ್ಬ ಐದು ಅಡಿ ಆಚೆ. ಮಾರ್ಚ್ ತಿಂಗಳಿಡೀ ಒಂದು ಶಾಲೆಯ ಜಿಮ್‌ನಲ್ಲಿ ನೆಲಕ್ಕೆ ಪಟ್ಟಿ ಅಂಟಿಸಿ ನನ್ನ ಹೆಜ್ಜೆ ಕತ್ತರಿಸಿದರು. ಮೈಸೂರಿನಲ್ಲಿ ಕೋಲಿನಿಂದ ಉದ್ದ ಮಾಡಿದ್ದನ್ನು ಇಲ್ಲಿ ಟೇಪಿನಿಂದ ಗಿಡ್ಡ ಮಾಡಿದರು.

ಇನ್ನೊಂದು ಪಾಠ ಇದಕ್ಕಿಂತ ಕಷ್ಟದ್ದು. ಮೈದಾನದಲ್ಲಿ ನೀವು ಬಿಡಿಸುತ್ತಿರುವ ಚಿತ್ರ ನಿಮಗೆ ಕಾಣುವುದಿಲ್ಲ. ಅದು ಕಾಣುವುದು ಮೇಲೆ ಕೂತವರಿಗೆ. ವೃತ್ತ ಆಗಿದೆಯೋ ಕುಂಬಳಕಾಯಿ ಆಗಿದೆಯೋ ಒಳಗೆ ನಿಂತವನಿಗೆ ಗೊತ್ತೇ ಆಗಲ್ಲ. ಕತ್ತು ತಿರುಗಿಸುವ ಹಾಗಿಲ್ಲ. ಕಣ್ಣಂಚಿನಲ್ಲಿ ಎಡಗಡೆಯವರು, ಬಲಗಡೆಯವರು ಎಷ್ಟು ಕಾಣುತ್ತಾರೋ ಅಷ್ಟೇ ನಿಮ್ಮ ಪ್ರಪಂಚ. ಪಕ್ಕದವರು ಎಲ್ಲಿದ್ದಾರೋ ಅಲ್ಲಿ ಇರು, ಗೆರೆಯನ್ನು ಆಮೇಲೆ ನೋಡಿಕೊಳ್ಳೋಣ ಅಂತ ತಲೆಗೆ ತುಂಬಿದರು. ನನ್ನ ಎಡಗಡೆಗೆ ನನಗಿಂತ ಎರಡು ವರ್ಷ ದೊಡ್ಡ ಹುಡುಗಿ. ಬಲಗಡೆಗೆ ಒಬ್ಬ ರೈತರ ಮನೆಯ ಹುಡುಗ, ಬೆಳಿಗ್ಗೆ ಹಾಲು ಕರೆದು ಅಭ್ಯಾಸಕ್ಕೆ ಬರುತ್ತಿದ್ದ. ಐದು ಬೇಸಿಗೆ ಅವರ ಜೊತೆ ನಡೆದಿದ್ದೇನೆ. ಇವತ್ತಿಗೂ ಅವರನ್ನು ನೆನೆಸಿಕೊಂಡರೆ ಮುಖ ನೇರವಾಗಿ ಬರುವುದಿಲ್ಲ, ಪಕ್ಕದಿಂದಲೇ ಬರುತ್ತೆ.

ಅಂಕ ಹೇಗೆ ಕೊಡುತ್ತಿದ್ದರು ಅಂತ ಹೇಳಬೇಕು. ಆಗ ಟಿಕ್ ಪದ್ಧತಿ. ಕಣ್ಣಿಗೆ ಬಿದ್ದ ಒಂದೊಂದು ತಪ್ಪಿಗೂ ಒಂದು ಗೀಟು, ಒಂದು ಗೀಟಿಗೆ ಒಂದು ಹತ್ತಾಂಶ ಕಟ್. ಅಂದರೆ ಪೂರ್ತಿ ಅಂಕ ಮೊದಲೇ ನಿಮ್ಮ ಜೇಬಿನಲ್ಲಿ, ನಡೀತಾ ನಡೀತಾ ಕಳೆದುಕೊಳ್ಳುವುದು. ಈ ತಪ್ಪು ಎಣಿಸುವ ಜಡ್ಜ್‌ಗಳು ಮೇಲೆಲ್ಲೋ ಕೂತಿರುತ್ತಿರಲಿಲ್ಲ. ಕೈಲಿ ರಟ್ಟು, ಪೆನ್ಸಿಲ್ ಹಿಡಿದು ಮೈದಾನದಲ್ಲೇ ನಮ್ಮ ನಡುವೆ ಓಡಾಡುತ್ತಿದ್ದರು. ಮೊಣಕಾಲೂರಿ ನಮ್ಮ ಪಾದಕ್ಕೆ ಕಣ್ಣಿಟ್ಟು ಕೂತುಬಿಡೋರು. ನೀವು ಊದುತ್ತಾ ಇದ್ದೀರಿ, ಬೆವರು ಕಣ್ಣಿಗೆ ಇಳಿಯುತ್ತಿದೆ, ಎರಡು ಅಡಿ ದೂರದಲ್ಲಿ ಒಬ್ಬ ಮಧ್ಯವಯಸ್ಕ ನಿಮ್ಮ ಹಿಮ್ಮಡಿಯನ್ನೇ ನೋಡುತ್ತಿದ್ದಾನೆ. ಎಂಥ ಆಟ ಅಲ್ವಾ? ಒಳ್ಳೆಯದನ್ನು ಬರೆದುಕೊಳ್ಳಲು ಆ ರಟ್ಟಿನಲ್ಲಿ ಜಾಗವೇ ಇರಲಿಲ್ಲ. ನನಗೆ ಆ ಪದ್ಧತಿ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. 1984ರಿಂದ ಡಿ.ಸಿ.ಐ. ಅದನ್ನು ಕೈಬಿಟ್ಟಿತು.

1977ರ ಜೂನ್‌, ನನ್ನ ಮೊದಲ ಶೋ. ಪಕ್ಕದ ಊರಿನ ಹೈಸ್ಕೂಲ್ ಮೈದಾನ, ಸಂಜೆ, ದೀಪಕ್ಕೆ ಹುಳ ಮುತ್ತಿದ್ದವು. ನಮ್ಮ ಆಟದಲ್ಲಿ ಕೊನೆಗೆ ಒಂದು ಕಂಪನಿ ಫ್ರಂಟ್ ಇತ್ತು. ಊದುವವರೆಲ್ಲ ಮೈದಾನದ ಹಿಂಬದಿಯಲ್ಲಿ ಒಂದೇ ಸಾಲಾಗಿ ನಿಂತು, ಗಂಟಲು ಬಿಟ್ಟು ಊದುತ್ತಾ ಜನರ ಕಡೆಗೆ ನೇರ ನಡೆದು ಬರುವುದು. ಡ್ರಮ್ ಕೋರ್‌ನಲ್ಲಿ ಜನ ಎದ್ದು ನಿಲ್ಲುವುದು ಇಂಥ ಕಡೆಯೇ. ನಾವು ಇಪ್ಪತ್ತನಾಲ್ಕು ಜನ. ಸಾಲು ಮುರಿಯುವ ಹಾಗಿಲ್ಲ. ಡ್ರಮ್ ಏರಿತು, ಬ್ಯೂಗಲ್ ಎದ್ದವು, ಜನ ಕೂಗಿದರು. ನನ್ನ ತಲೆಯಲ್ಲಿ ವಿಸ್ಕಾನ್ಸಿನ್ ಹೋಗಿ ಸಯ್ಯಾಜಿರಾವ್ ರಸ್ತೆ ಬಂದುಬಿಟ್ಟಿತು. ಕಾಲು ತಾನಾಗಿ 30 ಅಂಗುಲಕ್ಕೆ ಹೊರಟಿತು.

ಮೂರನೇ ಹೆಜ್ಜೆಗೇ ಕಣ್ಣಂಚು ಖಾಲಿ. ಎಡಗಡೆ ಯಾರೂ ಇಲ್ಲ, ಬಲಗಡೆ ಯಾರೂ ಇಲ್ಲ. ನಿಲ್ಲುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಹೆದರಿದಾಗ ಹೆಜ್ಜೆ ಇನ್ನೂ ದೊಡ್ಡದಾಗುತ್ತೆ, ಗಿಡ್ಡ ಆಗಲ್ಲ. ಎಂಟನೇ ಹೆಜ್ಜೆಗೆ ನಿಂತಾಗ ನನ್ನ ಮುಂದೆ ಮೈದಾನ, ಮೈದಾನದಾಚೆ ಜನ, ನಡುವೆ ನಾನೊಬ್ಬ. ಪಕ್ಕದಲ್ಲಿ ಪೆನ್ಸಿಲ್ ಸದ್ದು ಕೇಳಿದ ಹಾಗಾಯಿತು. ಆ ಗದ್ದಲದಲ್ಲಿ ಪೆನ್ಸಿಲ್ ಕೇಳೋದು ಸಾಧ್ಯವೇ ಇಲ್ಲ ಅಂತ ಗೊತ್ತು. ಆದರೂ ಕೇಳಿತು.

ಅವತ್ತು ಮೂರನೇ ಸ್ಥಾನ ನಮಗೆ ಎರಡು ಹತ್ತಾಂಶದಲ್ಲಿ ತಪ್ಪಿತು. ಅದರಲ್ಲಿ ಒಂದು ನಂದು ಅಂತ ನಾನು ಲೆಕ್ಕ ಹಾಕಿಕೊಂಡೆ. ನಮ್ಮ ಸೆಕ್ಷನ್ ಲೀಡರ್ ಬಸ್ಸಿನ ಹಿಂದೆ ನಿಲ್ಲಿಸಿ ಚೆನ್ನಾಗಿ ಉಗಿದ. ಎಡಗಡೆಯವಳು ಏನೂ ಹೇಳದೆ ನೀರಿನ ಜಗ್ಗು ಕೊಟ್ಟಳು. ಬಲಗಡೆಯವನು ಹಸುಗಳ ವಿಷಯ ಮಾತಾಡಿದ. ಇಬ್ಬರೂ ಆ ಮಾತು ಎತ್ತಲೇ ಇಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ.

ಬೇಸಿಗೆಗಳ ಬಗ್ಗೆ ಹೇಳುತ್ತಾ ಹೋದರೆ ಬೆಳಗಾಗುತ್ತೆ. ಹಳೆಯ ಸ್ಕೂಲ್ ಬಸ್ಸು, ಎ.ಸಿ. ಇಲ್ಲ. ರಾತ್ರಿಯಿಡೀ ಪ್ರಯಾಣ, ಬೆಳಗಿನ ಜಾವ ಯಾವುದೋ ಊರಿನ ಶಾಲೆಯ ಜಿಮ್ ನೆಲದ ಮೇಲೆ ಚೀಲ ಬಿಡಿಸಿ ಮಲಗುವುದು. ಎದ್ದರೆ ಮತ್ತೆ ಅಭ್ಯಾಸ. ಅಡುಗೆ ನಮ್ಮ ತಂಡದ ತಾಯಂದಿರದ್ದು. ನಾನು ಮಾಂಸ ತಿನ್ನಲ್ಲ ಅಂದಾಗ ಅವರಿಗೆ ಅರ್ಥವಾಗಲು ಒಂದು ವಾರ ಬೇಕಾಯಿತು. "ಕೋಳಿನೂ ಇಲ್ವಾ?" ಅಂತ ದಿನಾ ಒಬ್ಬರು ಕೇಳೋರು. ನನಗೆ ಬ್ರೆಡ್ಡು, ಕಡ್ಲೇಕಾಯಿ ಬೆಣ್ಣೆ, ಬಾಳೆಹಣ್ಣು. ಅಮ್ಮ ಒಂದು ಬಾಟ್ಲಿ ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟಿದ್ದರು. ಅನ್ನ ಎಲ್ಲಿಂದ ತರಲಿ? ಬ್ರೆಡ್ಡಿಗೆ ಸವರಿಕೊಂಡು ತಿಂದೆ. ಬಲಗಡೆಯವನು ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡ, ಮರುದಿನ ಮತ್ತೆ ಕೇಳಿದ. ಎರಡು ವಾರಕ್ಕೆ ಅಂತ ಕೊಟ್ಟ ಗೊಜ್ಜನ್ನು ಡ್ರಮ್ ಬಾರಿಸುವವರು ನಾಲ್ಕು ದಿನದಲ್ಲಿ ಮುಗಿಸಿದರು. ಮುಂದಿನ ವರ್ಷದಿಂದ ಅಮ್ಮ ಡಬ್ಬದಲ್ಲೇ ಮಾಡಿಕೊಡುತ್ತಿದ್ದರು.

ದೊಡ್ಡ ಮೈದಾನ ಅಂತ ನಾವು ಕಂಡದ್ದು 1981ರಲ್ಲಿ. ಆ ವರ್ಷದ ಚಾಂಪಿಯನ್‌ಶಿಪ್ ಕೆನಡಾದ ಮಾಂಟ್ರಿಯಲ್‌ನಲ್ಲಿ, ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂನಲ್ಲಿ. ನಾವು ಮೊದಲ ಸುತ್ತಿನಲ್ಲೇ ಹೊರಗೆ. ಅದರಲ್ಲಿ ಆಶ್ಚರ್ಯ ಏನಿಲ್ಲ, ಫೈನಲ್ಸ್‌ಗೆ ಹೋಗುವುದು ಹನ್ನೆರಡೇ ತಂಡ. ಟಿಕೆಟ್ ತಗೊಂಡು ಮೇಲೆ ಕೂತು ನೋಡಿದೆವು. ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ಗೆದ್ದರು. ನ್ಯೂಜೆರ್ಸಿಯ ಬ್ರಿಡ್ಜ್‌ಮೆನ್ ಹಳದಿ ಉದ್ದ ಕೋಟು, ಅಗಲ ಟೋಪಿ ಹಾಕಿಕೊಂಡು ಇಡೀ ಸ್ಟೇಡಿಯಂ ನಗಿಸಿದರು. ನನಗೆ ಆವತ್ತು ತಲೆಗೆ ಹೊಕ್ಕದ್ದು ಬೇರೆ. ಐದು ವರ್ಷದಲ್ಲಿ ಮೊದಲ ಸಲ ನಾನು ಮೇಲೆ ಕೂತಿದ್ದೆ. ಓಹೋ, ನಾವು ಮಾಡುತ್ತಿದ್ದದ್ದು ಇದಾ ಅನ್ನಿಸಿತು.

ಮರುವರ್ಷ ತಂಡ ಮುಚ್ಚಿತು. ನನಗೆ ಹತ್ತೊಂಬತ್ತು. ಎಲ್ಲರೂ ಏಜ್ ಔಟ್ ಆಗಿ ಅಳುತ್ತಾ ಹೊರಗೆ ಬರುತ್ತಾರೆ, ನನ್ನ ಕಥೆಯಲ್ಲಿ ತಂಡವೇ ನನಗಿಂತ ಮೊದಲು ಹೋಯಿತು. 1979ರಲ್ಲಿ ಪೆಟ್ರೋಲಿಗೆ ಬರ ಬಂದು, ಬಂಕ್‌ಗಳ ಮುಂದೆ ಕಾರು ಸಾಲುಗಟ್ಟಿದಾಗಲೇ ಬಸ್ಸಿನ ಲೆಕ್ಕ ತಪ್ಪಿತ್ತು. ಹಾಲ್‌ನ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಬಿಂಗೋ ಆಡಿಸಿ ಬರುತ್ತಿದ್ದ ದುಡ್ಡು ಸಾಲುತ್ತಿರಲಿಲ್ಲ. ದುಡ್ಡು ನೋಡಿಕೊಳ್ಳುತ್ತಿದ್ದವರು ಒಂದು ಕಾರ್ಡು ಬರೆದು ಹಾಕಿದರು, ಎರಡೇ ಸಾಲು. ಅದಕ್ಕಿಂತ ಮೂರು ವಾರ ಮೊದಲೇ ಡ್ರಮ್‌ಗಳನ್ನು ಮಾರಿದ್ದರು ಅಂತ ಆಮೇಲೆ ತಿಳಿಯಿತು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ಥರದ ನೂರಾರು ಸಣ್ಣ ಊರುಗಳ ತಂಡಗಳು ಆ ಹತ್ತಿಪ್ಪತ್ತು ವರ್ಷದಲ್ಲಿ ಹೀಗೇ ಒಂದೊಂದು ಕಾರ್ಡಿನಲ್ಲಿ ಮುಗಿದವು.

ಉಳಿದವರು ಬೆಳೆದರು. 1990ರಲ್ಲಿ ಮೂರನೇ ವಾಲ್ವ್ ಬಂತು, 2000ದಲ್ಲಿ ಬ್ಯೂಗಲ್ಲೇ ಬೇಕು ಅನ್ನೋ ನಿಯಮ ಹೋಯಿತು. ಟ್ರಂಪೆಟ್ಟನ್ನೇ ಊದಬಹುದು. 2004ರಲ್ಲಿ ಮೈಕು, 2009ರಲ್ಲಿ ಸಿಂಥಸೈಜರ್. ವಯಸ್ಸಿನ ಮಿತಿ ಈಗ 22. ನನ್ನ ವಾರಗೆಯವರು ಕಲಿ ಬಂತು ಅಂತ ಬೈಕೊಳ್ಳುತ್ತಾರೆ. ಫೈನಲ್ಸ್ ಈಗ ಇಂಡಿಯಾನಾಪೊಲಿಸ್‌ನಲ್ಲಿ, ದೊಡ್ಡ ಸೂರಿನಡಿ. ಒಂದು ಸಲ ಹೋಗಿ ನೋಡಿದೆ. ನನಗೆ ಮೈಕು ಇಷ್ಟವಾಗಲಿಲ್ಲ. ಆದರೆ ಆ ಹುಡುಗರು ಓಡುತ್ತಾರೆ, ಮಲಗುತ್ತಾರೆ, ಕುಣಿಯುತ್ತಾರೆ, ಊದುವುದು ಮಾತ್ರ ಅಲುಗುವುದಿಲ್ಲ. ನಮ್ಮ ಇಡೀ ತಂಡ ಸೇರಿದರೂ ಅವರಲ್ಲಿ ಒಬ್ಬರಿಗೆ ಸಮ ಇರಲಿಲ್ಲ. ಹಳಬರ ಕೂಟದಲ್ಲಿ ಇದನ್ನು ಹೇಳಿದರೆ ಊಟ ಹಾಕಲ್ಲ.

ಕೊನೆಗೆ ಒಂದು ವಿಷಯ. ಇದಕ್ಕೇ ನಾನು ಈ ಭಾಷಣ ಒಪ್ಪಿಕೊಂಡದ್ದು.

2020ರ ಬೇಸಿಗೆಯಲ್ಲಿ ಕೋವಿಡ್‌ನಿಂದಾಗಿ ಡ್ರಮ್ ಕೋರ್ ಸೀಸನ್ನೇ ರದ್ದಾಯಿತು. ಮನೆಯಲ್ಲಿ ಕೂತ ಹಳಬರೆಲ್ಲ ಅಟ್ಟ ಹುಡುಕಲು ಶುರು ಮಾಡಿದರು. ನನ್ನ ಬಲಗಡೆಯವನಿಗೆ ಅವನ ಅಪ್ಪ ತೆಗೆದಿದ್ದ ಸೂಪರ್ 8 ಸಿನಿಮಾ ರೀಲು ಸಿಕ್ಕಿತು. ಯಾರ ಹತ್ತಿರವೋ ಕೊಟ್ಟು ಕಂಪ್ಯೂಟರಿಗೆ ಹಾಕಿಸಿ ನನಗೆ ಕಳಿಸಿದ. 1977ರ ಜೂನ್‌, ಆ ಹೈಸ್ಕೂಲ್ ಮೈದಾನ. ಒಂದು ರೀಲಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್, ಶಬ್ದ ಇಲ್ಲ.

ನೋಡಿದೆ. ಅಕ್ಕಿ ಕಾಳಿನಷ್ಟು ಜನ. ಎಲ್ಲರಿಗೂ ಅದೇ ಬಿಳಿ ಟೋಪಿ, ಅದೇ ಬಟ್ಟೆ. ನಾನು ಯಾರು ಅಂತ ಗೊತ್ತಾಗಲೇ ಇಲ್ಲ. ಎರಡು ಸಲ ನೋಡಿದರೂ ಸಿಗಲಿಲ್ಲ. ಸಿಗಬಾರದು ಅಂತಲೇ ಅಲ್ವಾ ಅಷ್ಟೊಂದು ಅಭ್ಯಾಸ ಮಾಡಿದ್ದು? ಆಮೇಲೆ ಕಂಪನಿ ಫ್ರಂಟ್ ಬಂತು. ಸಾಲು ಹೊರಟಿತು. ಎರಡನೇ ಹೆಜ್ಜೆಗೆ ಒಂದು ಅಕ್ಕಿ ಕಾಳು ಮುಂದೆ ಹೋಯಿತು. ಸಿಕ್ಕಿದೆ.

ನಲವತ್ಮೂರು ವರ್ಷ ಮನಸ್ಸಿನಲ್ಲಿ ಕಂಡಿದ್ದ ಚಿತ್ರವನ್ನೇ ಕಾಯುತ್ತಾ ಕೂತಿದ್ದೆ. ಹಿಂದೆ ನೇರ ಸಾಲು, ಮುಂದೆ ನಾನೊಬ್ಬ. ಎಂಟನೇ ಹೆಜ್ಜೆಗೆ ನಿಂತಾಗ ಆ ಚಿತ್ರ ಅಲ್ಲಿರಲಿಲ್ಲ. ಸಾಲು ನೇರವಾಗಿಯೂ ಇರಲಿಲ್ಲ. ನಡುವೆ ಬಿಲ್ಲಿನ ಹಾಗೆ ಬಾಗಿತ್ತು. ತುದಿಯಲ್ಲಿ ನಾನು, ನನ್ನಿಂದ ಎರಡು ಅಡಿ ಹಿಂದೆ ಎಡಕ್ಕೊಬ್ಬರು, ಬಲಕ್ಕೊಬ್ಬರು, ಅವರ ಪಕ್ಕದವರು ಇನ್ನೊಂದಿಷ್ಟು ಹಿಂದೆ. ಗೊತ್ತಿಲ್ಲದವರು ನೋಡಿದರೆ, ಬೇಕು ಅಂತಲೇ ಹಾಗೆ ಮಾಡಿದ್ದಾರೆ ಅನ್ನಬೇಕು. ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆ. ನಾಲ್ಕನೇ ಹೆಜ್ಜೆಯಿಂದ ಎಡಗಡೆಯವಳು ಹೆಜ್ಜೆ ದೊಡ್ಡದು ಮಾಡಿದ್ದಾಳೆ. ಐದರಿಂದ ಬಲಗಡೆಯವನು. ಮೊಣಕಾಲೂರಿದ್ದ ಜಡ್ಜ್ ಎದ್ದು ನಿಂತು ತಲೆ ಕೆರೆದುಕೊಳ್ಳುವುದೂ ಕಾಣುತ್ತೆ. ಅವರಿಬ್ಬರದ್ದೂ ಒಂದೊಂದು ಗೀಟು ಆಗಬಹುದಿತ್ತು.

ಆ ರಾತ್ರಿಯೇ ಅವನಿಗೆ ಫೋನ್ ಮಾಡಿದೆ. ಹಾಲು ಕರೆಯುವ ಹೊತ್ತು, ಹಿಂದೆ ಮೆಷಿನ್ ಸದ್ದು. ಯಾಕೆ ಹೇಳಲಿಲ್ಲ ಅಂದೆ. ಏನನ್ನು ಅಂದ. ನೆನಪು ಮಾಡಿಕೊಟ್ಟೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ನಾನೇನೂ ಮಾಡಲಿಲ್ಲಪ್ಪ. ನೀನು ಮುಂದೆ ಹೋಗಿಬಿಟ್ಟೆ. ಆಮೇಲೆ ನನ್ನ ಕಣ್ಣಂಚಿಗೆ ಕಂಡಿದ್ದು ಅವಳೇ. ಅವಳು ಹೊರಟಳು, ನಾನೂ ಹೊರಟೆ."